ಕರ್ತನ ಭೋಜನಕ್ಕೆ ಮುಂಚೆ ಎದ್ದು ಹೋಗುವವರಿಗೂ, ಅದನ್ನು ಬಡಿಸುವ ಹಿರಿಯರಿಗೂ

ತಿಂಗಳ ಮೊದಲ ಭಾನುವಾರ ಮುಂಬೈ, ಪುಣೆಯ ಕನ್ನಡ ಕ್ರೈಸ್ತ ಸಭೆಗಳಲ್ಲಿ ಪ್ರಸಂಗ ಮುಗಿದು, ಕಾಣಿಕೆ ಎತ್ತಿ, ಕರ್ತನ ಭೋಜನಕ್ಕೆಂದು, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳಲೆಂದು, ಮೇಜಿನ ಮೇಲಿನ ಬಿಳಿ ಬಟ್ಟೆ ಸರಿಸುವ ಹೊತ್ತಿಗೆ ಹಿಂದಿನ ಬೆಂಚುಗಳಿಂದ ಕೆಲವರು ಮೆಲ್ಲನೆ ಎದ್ದು ಹೊರಡುತ್ತಾರೆ. ಯಾಕೆಂದು ಅಯ್ಯನವರು, ಅಂದರೆ ಸಭೆಯ ಪಾದ್ರಿ, ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: "ಈ ಸಲ ಬೇಡ ಅಯ್ಯನವರೇ, ನಾನು ಯೋಗ್ಯನಲ್ಲ." ಇದು ಭಕ್ತಿಯಿಂದ ಹುಟ್ಟಿದ ಭಯ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಈ ಭಯ ತಪ್ಪು ಜಾಗದಲ್ಲಿ ಕೂತಿದೆ ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಅಯೋಗ್ಯವಾಗಿ ತಿಂದವನು ತನಗೇ ದಂಡನೆ ತಂದುಕೊಳ್ಳುತ್ತಾನೆ ಎಂಬ ಮಾತು ಇರುವುದು ಅಪೊಸ್ತಲ ಪೌಲನು ಗ್ರೀಸಿನ ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ, ಸತ್ಯವೇದದಲ್ಲಿರುವ ಮೊದಲನೆಯ ಪತ್ರಿಕೆಯ 11ನೇ ಅಧ್ಯಾಯದಲ್ಲಿ. 27ನೇ ವಚನವನ್ನು ಬಾಯಿಪಾಠ ಮಾಡಿದವರು 17ರಿಂದ ಓದುವುದಿಲ್ಲ, 33ರ ತನಕ ಹೋಗುವುದೂ ಇಲ್ಲ. ಸುಮಾರು ಕ್ರಿ.ಶ. 55ರ ಹೊತ್ತಿನ ಕೊರಿಂಥದಲ್ಲಿ ಕರ್ತನ ಭೋಜನ ನಿಜವಾದ ಊಟವೇ ಆಗಿತ್ತು, ಯಾರದೋ ಮನೆಯಲ್ಲಿ ನಡೆಯುತ್ತಿತ್ತು. ಅನುಕೂಲಸ್ಥರು ಬೇಗ ಬಂದು ತಾವು ತಂದದ್ದನ್ನು ತಾವೇ ತಿಂದು ಮುಗಿಸುತ್ತಿದ್ದರು. ಒಬ್ಬನಿಗೆ ಹಸಿವು, ಮತ್ತೊಬ್ಬನಿಗೆ ಅಮಲು. ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಪೌಲ ಗದರುತ್ತಾನೆ. ಅಯೋಗ್ಯತೆ ಅಂದರೆ ಅಲ್ಲಿ ಇದೇ. ಅದಕ್ಕೆ ಅವನು ಕೊಡುವ ಮದ್ದು ಎದ್ದು ಹೋಗುವುದಲ್ಲ. ಪರೀಕ್ಷಿಸಿಕೊಂಡು ತಿನ್ನಲಿ, ಕುಡಿಯಲಿ ಅನ್ನುತ್ತಾನೆ. ಕೂಡಿಬಂದಾಗ ಒಬ್ಬರಿಗೊಬ್ಬರು ಕಾದುಕೊಳ್ಳಿರಿ ಅನ್ನುತ್ತಾನೆ.

ಹಾಗಾಗಿ ಮೇಜಿನ ಮುಂದೆ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆ "ನಾನೆಷ್ಟು ಪಾಪಿ" ಎನ್ನುವುದಷ್ಟೇ ಅಲ್ಲ. ಪಾಪಿಗಳಲ್ಲದವರಿಗೆ ಆ ಮೇಜೇ ಬೇಕಿಲ್ಲ. ಯೇಸು ಮೊದಲ ಸಲ ರೊಟ್ಟಿ ಮುರಿದಾಗ ಅಲ್ಲಿ ಕೂತಿದ್ದವರು ಕೆಲವೇ ತಾಸಿನಲ್ಲಿ ಆತನನ್ನು ಬಿಟ್ಟು ಓಡಿದವರು. ನಾನು ಯಾರನ್ನು ಬಿಟ್ಟು ತಿನ್ನುತ್ತಿದ್ದೇನೆ ಎಂದು ಕೇಳಿಕೊಳ್ಳಬೇಕು.

ಇದನ್ನು ಸಲೀಸಾದ ವಿನಾಯಿತಿ ಎಂದು ತಿಳಿಯಬೇಡಿ, ಇದು ಹೆಚ್ಚು ಕಷ್ಟದ್ದು. ಕಣ್ಣುಮುಚ್ಚಿ ಮನಸ್ಸಿನಲ್ಲೇ ಅರಿಕೆ ಮಾಡುವುದಕ್ಕಿಂತ ಡೊಂಬಿವಲಿಯಲ್ಲಿರುವ ಷಡ್ಡಕನಿಗೆ ಫೋನ್ ಮಾಡುವುದು ಕಷ್ಟ. ನಮ್ಮ ಸಭೆಗಳಲ್ಲಿ ಜಗಳಗಳು ಯಾವುದರ ಮೇಲೆ ಎಂದು ಎಲ್ಲರಿಗೂ ಗೊತ್ತು: ಚೀಟಿ ಹಣ, ರೂಮಿನ ಡಿಪಾಸಿಟ್, ಊರಿನ ಆಸ್ತಿಯ ಪಾಲು, ಕಮಿಟಿ ಚುನಾವಣೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಎಂದು ಮತ್ತಾಯ 5ರಲ್ಲಿದೆ. ಆದಿಸಭೆಯ ದಿದಾಖೆ ಎಂಬ ಕಿರುಗ್ರಂಥವೂ ಜಗಳವಾಡಿಕೊಂಡವರು ರಾಜಿಯಾಗುವ ತನಕ ಸೇರಬಾರದು ಎನ್ನುತ್ತದೆ. 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದ ಪ್ರಕಾರ ಭೋಜನ ತೆಗೆದುಕೊಳ್ಳುವವರು ಹಿಂದಿನ ದಿನವಾದರೂ ಪಾದ್ರಿಗೆ ಹೆಸರು ತಿಳಿಸಬೇಕಿತ್ತು. ಯಾರ ನಡುವೆ ದ್ವೇಷವಿದೆಯೆಂದು ನೋಡಿ ಮಾತಾಡಿಸಲು ಅದರಿಂದ ಸಮಯ ಸಿಗುತ್ತಿತ್ತು.

ನಾವು ಮಾಡಬಹುದಾದದ್ದು ಇಷ್ಟು. ಹಿಂದಿನ ಭಾನುವಾರವೇ "ಮುಂದಿನ ವಾರ ಕರ್ತನ ಭೋಜನ" ಎಂದು ಪ್ರಕಟಿಸಬೇಕು. ಬುಧವಾರದೊಳಗೆ ಮುರಿದಿರುವ ಸಂಬಂಧ ಯಾವುದೆಂದು ನೋಡಿಕೊಂಡು, ಶುಕ್ರವಾರದೊಳಗೆ ಮಾತಾಡಬೇಕು. ವಾಟ್ಸಾಪಿನಲ್ಲಿ ಒಂದು ವಚನ ಕಳಿಸಿದರೆ ಅದು ಕ್ಷಮೆ ಕೇಳಿದಂತೆ ಆಗುವುದಿಲ್ಲ, ಎದುರಿಗಿರುವವರಿಗೆ ಕುಟುಕಿದಂತೆಯೂ ಆಗಬಹುದು. ದನಿ ಕೇಳಿಸಬೇಕು. ಆ ಕಡೆಯವರು ಫೋನ್ ಎತ್ತದಿದ್ದರೆ? ನಿಮ್ಮಿಂದಾದ ಮಟ್ಟಿಗೆ ಸಮಾಧಾನದಿಂದಿರಿ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆ ಹೇಳುತ್ತದೆ. ನಿಮ್ಮ ಪಾಲಿನದು ಮುಗಿಯಿತು, ಬನ್ನಿ, ತಿನ್ನಿ. ಒಂದು ಎಚ್ಚರ ಇಲ್ಲಿ ಬೇಕು: ಹೊಡೆಯುವ ಗಂಡನ ಜೊತೆ, ಮೈಮೇಲೆ ಕೈ ಹಾಕಿದವನ ಜೊತೆ "ರಾಜಿಯಾಗಿ ಬಾ" ಎಂದು ಹೆಣ್ಣುಮಗಳಿಗೆ ಹೇಳುವ ಹಕ್ಕು ಯಾವ ಹಿರಿಯರಿಗೂ ಇಲ್ಲ. ಅಲ್ಲಿ ತಡೆಯಬೇಕಾದದ್ದು ಅವನನ್ನು.

ಜಾತಿಯ ಮಾತನ್ನೂ ಆಡಲೇಬೇಕು. 19ನೇ ಶತಮಾನದ ತಂಜಾವೂರಿನ ಮಿಷನ್ ಸಭೆಗಳಲ್ಲಿ ಮೇಲ್ಜಾತಿಯಿಂದ ಬಂದ ಕ್ರೈಸ್ತರು ಬೇರೆ ಕೂರುತ್ತಿದ್ದರು, ದ್ರಾಕ್ಷಾರಸದ ಪಾತ್ರೆಯನ್ನೂ ಮೊದಲು ಮುಟ್ಟುತ್ತಿದ್ದರು. ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಪತ್ರ ಬರೆದು ಈ ಭೇದ ಸಭೆಯಲ್ಲಿ ಕೂಡಲೇ, ಶಾಶ್ವತವಾಗಿ ನಿಲ್ಲಬೇಕೆಂದರು. ಎಷ್ಟೋ ಕುಟುಂಬಗಳು ಸಭೆ ಬಿಟ್ಟುಹೋದವು, ಅವರು ಮಾತು ಬದಲಿಸಲಿಲ್ಲ. ಮುಂಬೈಯ ಒಂದೇ ಕನ್ನಡ ಸಭೆಯಲ್ಲಿ ಬೀದರ್ ಕಡೆಯ ಮೆಥೋಡಿಸ್ಟರು, ಹುಬ್ಬಳ್ಳಿ-ಗದಗಿನವರು, ಮಂಗಳೂರು-ಉಡುಪಿಯ ಬಾಸೆಲ್ ಮಿಷನ್ ಮನೆತನದವರು ಸೇರಿರುತ್ತಾರೆ. ಯಾರ ಪಕ್ಕ ಯಾರು ಮೊಣಕಾಲೂರುತ್ತಾರೆ, ಯಾವ ಹಿರಿಯರ ಕೈಯಿಂದ ತಟ್ಟೆ ಬಂದರೆ ಯಾರ ಮುಖ ಬಿಗಿಯುತ್ತದೆ ಎಂದು ಗಮನಿಸಿದರೆ ಕೊರಿಂಥ ದೂರದ ಊರಲ್ಲ.

ಈಗ ರೊಟ್ಟಿಯ ವಿಷಯಕ್ಕೆ ಬರುತ್ತೇನೆ. ರೊಟ್ಟಿ ಒಂದೇ ಆಗಿರುವುದರಿಂದ ಅನೇಕರಾದ ನಾವು ಒಂದೇ ದೇಹವಾಗಿದ್ದೇವೆ ಎಂದು ಅದೇ ಪತ್ರಿಕೆಯ 10ನೇ ಅಧ್ಯಾಯ ಹೇಳುತ್ತದೆ. ನಾವೋ ಶನಿವಾರ ಸಂಜೆಯೇ ಬೇಕರಿ ಬ್ರೆಡ್ಡಿನ ಅಂಚು ಕೊಯ್ದು ಸಕ್ಕರೆ ಅಚ್ಚಿನಂಥ ಚೌಕಗಳನ್ನು ಮಾಡಿಟ್ಟುಬಿಡುತ್ತೇವೆ. ಒಂದು ಸ್ಲೈಸಿಗೆ 25 ತುಂಡು ಸಿಗುತ್ತದೆ, ನೂರು ಜನಕ್ಕೆ ನಾಲ್ಕೈದು ಸ್ಲೈಸು ಸಾಕು, ಸುಲಭ ಹೌದು. ಆದರೆ ಅಯ್ಯನವರು "ಆತನು ರೊಟ್ಟಿಯನ್ನು ಮುರಿದು" ಎನ್ನುವಾಗ ಮುರಿಯಲು ಏನೂ ಉಳಿದಿರುವುದಿಲ್ಲ. ಬೆಳಗಾಗುವಷ್ಟರಲ್ಲಿ ಆ ತುಂಡುಗಳು ಒಣಗಿ, ತಟ್ಟೆ ಕೈಯಿಂದ ಕೈಗೆ ಹೋಗುವಾಗ ಪುಡಿ ಉದುರುತ್ತದೆ.

ನಮ್ಮ ಪ್ರೊಟೆಸ್ಟೆಂಟ್ ಸಭೆಗಳಿಗೆ ನನ್ನ ಸಲಹೆ ಚಪಾತಿ. 150 ಗ್ರಾಂ ಗೋಧಿ ಹಿಟ್ಟು, ಉಗುರುಬೆಚ್ಚಗಿನ ನೀರು, ಉಪ್ಪು ಎಣ್ಣೆ ಬೇಡ. ನಾದಿ ಅರ್ಧ ಗಂಟೆ ಮುಚ್ಚಿಟ್ಟು, ದಿನದ ಚಪಾತಿಗಿಂತ ತುಸು ದಪ್ಪಗೆ ನಾಲ್ಕು ಲಟ್ಟಿಸಿ, ಭಾನುವಾರ ಬೆಳಿಗ್ಗೆಯೇ ಬೇಯಿಸಿ. ಒಂದೊಂದರಲ್ಲಿ ಉಗುರಿನಗಲದ ಮೂವತ್ತು ಚೂರಾದರೂ ಸಿಗುತ್ತದೆ. ತೆಳ್ಳಗಾದರೆ ಹಪ್ಪಳದಂತೆ ಸಿಡಿಯುತ್ತದೆ. ಎಣ್ಣೆಯಿಲ್ಲದ್ದರಿಂದ ಬೇಗ ಬಿರುಸಾಗುತ್ತದೆ, ಅದಕ್ಕೆ ತೇವ ಹಿಂಡಿದ ಮಲ್ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಎಲ್ಲರ ಮುಂದೆ ಒಂದನ್ನು ಮುರಿದು, ಉಳಿದವನ್ನು ಹಿರಿಯರು ಅಲ್ಲೇ ಹರಿದು ಕೊಡಲಿ. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ರೊಟ್ಟಿಯ ಬದಲು ವೇಫರ್ ಎಂಬ ತೆಳು ಬಿಲ್ಲೆ ಬಳಸುವ ಸಭೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬೇರೆ ತೊಂದರೆ: ಕರಾವಳಿಯ ತೇವಕ್ಕೆ ಅವು ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ, ಮುರಿದರೆ ಮುರಿಯುವುದಿಲ್ಲ, ಬಾಗುತ್ತವೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು, ಬೇಕಾದಷ್ಟನ್ನು ಆರಾಧನೆಗೆ ಸ್ವಲ್ಪ ಮುಂಚೆ ತೆಗೆಯಬೇಕು.

ದ್ರಾಕ್ಷಾರಸಕ್ಕೆ 250 ಗ್ರಾಂ ಕಪ್ಪು ಒಣದ್ರಾಕ್ಷಿ ತೊಳೆದು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಅದೇ ನೀರಿನಲ್ಲಿ ಕಿವುಚಿ, ಸ್ಟೀಲ್ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಿ. ತಣಿದ ಮೇಲೆ ಫ್ರಿಜ್ಜಿನಲ್ಲಿಡಿ. ಆರೇಳು ಮಿ.ಲೀ. ಲೆಕ್ಕದಲ್ಲಿ ನೂರು ಜನಕ್ಕೆ ಸಾಕಾಗುತ್ತದೆ. ಎಲ್ಲರೂ ಎಡವುವುದು ಕುದಿಸದೆ ಬಿಡುವಲ್ಲಿ. ಹಣ್ಣಿನ ಮೇಲಿನ ಹುದುಗು ಮೇ ತಿಂಗಳ ಮುಂಬೈಯಲ್ಲಿ ಸುಮ್ಮನಿರುವುದಿಲ್ಲ, ಭಾನುವಾರಕ್ಕೆ ನೊರೆ ಎದ್ದು ಹುಳಿ ವಾಸನೆ ಬಂದಿರುತ್ತದೆ. ಬಂದಿದ್ದರೆ ಚೆಲ್ಲಿ, ಸಕ್ಕರೆ ಹಾಕಿ ಸರಿಮಾಡಲು ಹೋಗಬೇಡಿ. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ತನ್ನ ಮೆಥೋಡಿಸ್ಟ್ ಸಭೆಗಾಗಿ ದ್ರಾಕ್ಷಿರಸವನ್ನು ಕಾಯಿಸಿ ಹುದುಗದಂತೆ ಉಳಿಸಿದ್ದೂ ಇದೇ ತತ್ವದ ಮೇಲೆ. ಚಿಕ್ಕ ಲೋಟಗಳಿಗೆ ಅರ್ಧ ಮಾತ್ರ ತುಂಬಿ. ತುಂಬಿ ತುಳುಕಿದರೆ ಬೆಂಚಿನ ಕೊನೆ ಮುಟ್ಟುವಷ್ಟರಲ್ಲಿ ಟ್ರೇ ಅಂಟಂಟು. ಬಿಡಿ ಲೋಟಗಳು ಬಂದದ್ದು 1890ರ ದಶಕದಲ್ಲಿ, ರೋಗಾಣುವಿನ ಭಯದಿಂದ. ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಎಲ್ಲರ ಕೈಗೂ ಲೋಟ ಬರುವ ತನಕ ಕಾದು ಒಟ್ಟಿಗೆ ಕುಡಿಯಿರಿ.

ರೊಟ್ಟಿ ಮತ್ತು ಪಾತ್ರೆಯಲ್ಲಿ ಕ್ರಿಸ್ತನು ಹೇಗೆ ಇದ್ದಾನೆ ಎಂಬುದರ ಮೇಲೆ ಪ್ರೊಟೆಸ್ಟೆಂಟ್ ಸುಧಾರಕರಾದ ಲೂಥರ್, ಜ್ವಿಂಗ್ಲಿ 1529ರಲ್ಲಿ ಜರ್ಮನಿಯ ಮಾರ್ಬರ್ಗ್‌ನಲ್ಲಿ ಕೂತು ಚರ್ಚಿಸಿ ಒಪ್ಪದೆಯೇ ಎದ್ದರು. ಅದನ್ನು ಇಲ್ಲಿ ಬಿಡಿಸುವುದಿಲ್ಲ. ಗೋವಾದಲ್ಲಿರುವ ಕನ್ನಡಿಗರಿಗೆ ಮಾತ್ರ ಒಂದು ಮಾತು, ಅಲ್ಲಿ ಮದುವೆ, ಮಣ್ಣು ಎಂದು ಕ್ಯಾಥೊಲಿಕ್ ಬಲಿಪೂಜೆಗೆ ಹೋಗುವ ಸಂದರ್ಭ ಹೆಚ್ಚು. ಕ್ಯಾಥೊಲಿಕರಾದರೆ ಕೊಂಕಣಿ ಬಾರದಿದ್ದರೂ ಪರಮಪ್ರಸಾದ ಸ್ವೀಕರಿಸಲು ಅಡ್ಡಿಯಿಲ್ಲ. ಮುಂಚೆ ಒಂದು ಗಂಟೆ ಉಪವಾಸವಿರಬೇಕು, ಗಂಭೀರ ಪಾಪವಿದ್ದರೆ ಪಾಪನಿವೇದನೆ ಮಾಡಿರಬೇಕು. ಪ್ರೊಟೆಸ್ಟೆಂಟರು ಸಾಲಿನಲ್ಲಿ ಹೋಗಿ ಕೈಚಾಚಬೇಡಿ. ಅವರ ಸಭೆಯ ಶಿಸ್ತು ಅದು, ಗೌರವಿಸಿ. ಬೆಂಚಿನಲ್ಲೇ ಕೂತು ಪ್ರಾರ್ಥಿಸಬಹುದು. ಸಿಎಸ್‌ಐ (ದಕ್ಷಿಣ ಭಾರತ ಸಭೆ), ಸಿಎನ್‌ಐ (ಉತ್ತರ ಭಾರತ ಸಭೆ), ಕೇರಳ ಮೂಲದ ಮಾರ್ ತೋಮಾ ಸಭೆಗಳ ನಡುವೆ ಪೂರ್ಣ ಸಹಭಾಗಿತ್ವವಿದೆ, ಅಂದರೆ ಒಂದರ ಸದಸ್ಯರು ಇನ್ನೊಂದರಲ್ಲಿ ಭೋಜನ ತೆಗೆದುಕೊಳ್ಳಬಹುದು. ಹುಬ್ಬಳ್ಳಿಯಿಂದ ಪುಣೆಗೆ ಬಂದ ಸಿಎಸ್‌ಐ ಹುಡುಗ ಸದಸ್ಯತ್ವ ಪತ್ರ ಬರಲಿ ಎಂದು ಆರು ತಿಂಗಳು ಭೋಜನ ಬಿಡಬೇಕಿಲ್ಲ.

ಕಾಯುವ ಮಾತಿಗೆ ಮುಂಬೈಯಲ್ಲಿ ಬಹಳ ನೇರವಾದ ಅರ್ಥವಿದೆ. ಎಷ್ಟೋ ಕಡೆ ಕಟ್ಟಡ ನಮ್ಮದಲ್ಲ. ಇಂಗ್ಲಿಷ್, ಮರಾಠಿ, ಹಿಂದಿ ಆರಾಧನೆಗಳ ನಡುವೆ ಕನ್ನಡಕ್ಕೆ ಒಂದೂವರೆ ತಾಸು ಸಿಗುತ್ತದೆ. ಪ್ರಕಟಣೆ, ಹುಟ್ಟುಹಬ್ಬ, ಪ್ರಸಂಗ ಎಲ್ಲಾ ಮುಗಿದು ಕೊನೆಯ ಹತ್ತು ನಿಮಿಷದಲ್ಲಿ ಕರ್ತನ ಭೋಜನವನ್ನು ಓಡಿಸುತ್ತೇವೆ. ಆ ಭಾನುವಾರ ಪ್ರಸಂಗ ಹದಿನೈದು ನಿಮಿಷಕ್ಕೆ ನಿಲ್ಲಲಿ, ಪ್ರಕಟಣೆಗಳು ಗ್ರೂಪಿಗೆ ಹೋಗಲಿ, ಭೋಜನಕ್ಕೆ ಅರ್ಧ ಗಂಟೆ ಇಡಿ. ಭಾನುವಾರ ಹಳಿ ದುರಸ್ತಿಗೆ ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕಿನ ಸುದ್ದಿ ಮುಂಚೆಯೇ ಬಂದಿರುತ್ತದೆ. ಕಲ್ಯಾಣದ ಕಡೆಯಿಂದಲೋ ಪನ್ವೇಲಿನಿಂದಲೋ ಬರುವವರು ತಡವಾಗುತ್ತಾರೆಂದು ಗೊತ್ತಿದ್ದೂ ಬಾಗಿಲಲ್ಲಿ "ಪ್ರಸಂಗ ಕೇಳದವರಿಗಿಲ್ಲ" ಎನ್ನುವ ಹಿರಿಯರು ಪೌಲನ ಮಾತನ್ನು ತಲೆಕೆಳಗು ಮಾಡುತ್ತಿದ್ದಾರೆ. ಕೊನೆಯ ಸಾಲನ್ನು ಅವರಿಗೆಂದೇ ಇಡಿ.

ಬರಲಾಗದವರ ಪಾಲು ಇನ್ನೂ ಮುಖ್ಯ. ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿ ಆದಿಸಭೆಯ ಲೇಖಕ ಜಸ್ಟಿನ್ ಬರೆದ ವರ್ಣನೆಯಲ್ಲೇ, ಸಭೆಗೆ ಬಾರದವರಿಗೆ ಸಭಾಸೇವಕರು ಪಾಲು ಒಯ್ಯುತ್ತಿದ್ದರೆಂದಿದೆ. ಕಾಯಿಲೆಯವರ ಮನೆಗೆ ಹೋದಾಗ ರೋಗಿಗೊಬ್ಬರಿಗೇ ಕೊಟ್ಟು ಬರಬೇಡಿ, ನೋಡಿಕೊಳ್ಳುತ್ತಿರುವ ಸೊಸೆ, ಮಗಳು ಸಹ ಎಷ್ಟೋ ತಿಂಗಳಿಂದ ಸಭೆಗೆ ಬಂದಿರುವುದಿಲ್ಲ. ಪಾರ್ಶ್ವವಾಯು ಹೊಡೆದವರಿಗೆ ನುಂಗುವುದು ಕಷ್ಟ, ಒಣ ರೊಟ್ಟಿ ಉಸಿರುನಾಳಕ್ಕೆ ಹೋದೀತು. ಏನು ಕೊಡಬಹುದೆಂದು ಮನೆಯವರನ್ನು, ವೈದ್ಯರನ್ನು ಮೊದಲೇ ಕೇಳಿ. ಒಪ್ಪಿದರೆ ನೆಟ್ಟಗೆ ಕೂರಿಸಿ, ಸಾಸಿವೆಯಷ್ಟು ಚೂರನ್ನು ರಸದಲ್ಲಿ ನೆನೆಸಿ ಚಮಚದಲ್ಲಿ ಕೊಡಿ. ಮೂಗಿನ ನಳಿಕೆಯಿದ್ದರೆ ಬಾಯಿಗೆ ಹಾಕಲೇಬೇಡಿ. ಕೈಹಿಡಿದು ವಚನ ಓದಿ, ಅವರ ಕಣ್ಣೆದುರು ಮನೆಯವರು ತೆಗೆದುಕೊಳ್ಳಲಿ. ಆಸ್ಪತ್ರೆಯಲ್ಲಿ ನರ್ಸನ್ನು ಕೇಳದೆ ಏನೂ ಕೊಡಬಾರದು, ಆಪರೇಷನ್‌ಗೆ ಮುಂಚೆ ತುಟಿ ಒದ್ದೆಯಾಗುವುದೂ ಬೇಡವೆಂದಿರುತ್ತಾರೆ.

ಕಾಯಿಲೆಯವರ ಪಟ್ಟಿಯನ್ನಾದರೂ ಸಭೆಗಳು ಇಟ್ಟಿರುತ್ತವೆ. ಹೋಟೆಲಿನಲ್ಲಿ ದುಡಿಯುವವರು, ಸೆಕ್ಯುರಿಟಿ ಕೆಲಸದವರು, ಪಾಳಿಯ ನರ್ಸುಗಳು ಯಾವ ಪಟ್ಟಿಯಲ್ಲೂ ಇಲ್ಲ. ಭಾನುವಾರ ಅವರಿಗೆ ರಜೆ ಸಿಗುವುದಿಲ್ಲ. ಕೊರಿಂಥದಲ್ಲಿ ತಡವಾಗಿ ಬಂದು ಹಸಿದು ಹೋದವರು ಇಂಥವರೇ ಇದ್ದಿರಬೇಕು. ಗುರುವಾರದೊಳಗೆ ಅವರ ಹೆಸರು, ವಾರದ ರಜೆಯ ದಿನ ಬರೆದು ಅಯ್ಯನವರ ಕೈಗೆ ಕೊಡಿ. ಎಂಟು ಹತ್ತು ಜನ ಒಂದೇ ಕಡೆ ಇದ್ದರೆ ಮಂಗಳವಾರವೋ ಬುಧವಾರವೋ ರಾತ್ರಿ ಪಾಳಿ ಮುಗಿದ ಮೇಲೆ ಅವರಲ್ಲೊಬ್ಬರ ರೂಮಿನಲ್ಲೇ ಮೇಜು ಹಾಸಬಹುದು. ಒಂದು ಚಪಾತಿ, ನೂರು ಮಿ.ಲೀ. ರಸ, ತೊಳೆದ ಬಟ್ಟೆ, ಸತ್ಯವೇದ ಸಾಕು. ಸಭೆಯ ಹಿರಿಯರಲ್ಲಿ ಇಬ್ಬರಾದರೂ ಜೊತೆಗೆ ಹೋಗಿ ಅವರೊಂದಿಗೆ ಕೂತು ತಿನ್ನಲಿ.