ಶಾಲೆ ತೆರೆದಿದೆ, ಕಿಟಕಿ ಮುಚ್ಚಿದೆ

ಒಂದು ಸಣ್ಣ ಲೆಕ್ಕ. ಒಂದು ಶಾಲೆಯಲ್ಲಿ 500 ಮಕ್ಕಳಿದ್ದಾರೆ. ಹತ್ತು ಮಕ್ಕಳಿಗೆ ಕೊರೊನಾ ಟೆಸ್ಟ್ ಮಾಡಿಸಿದರು. ಇಬ್ಬರಿಗೆ ಪಾಸಿಟಿವ್ ಬಂತು. ಹಾಗಾದರೆ ಆ ಶಾಲೆಯಲ್ಲಿ ಕೊರೊನಾ ಎಷ್ಟಿದೆ?

ಐದನೇ ಕ್ಲಾಸಿನ ಲೆಕ್ಕ ಅಂತ ನಗಬೇಡಿ. ಇದೇ ಲೆಕ್ಕ ಹಿಡಿದುಕೊಂಡು ದೊಡ್ಡ ದೊಡ್ಡವರು ಎರಡು ವರ್ಷ ಕಚ್ಚಾಡಿದ್ದಾರೆ. ಶಾಲೆ ತೆರೆಯಲೇಬೇಕು ಅನ್ನುವವರು ಎರಡನ್ನು 500ರಿಂದ ಭಾಗಿಸಿ 0.4 ಪರ್ಸೆಂಟ್ ಅಂದರು. "ಏನೂ ಇಲ್ಲ, ಸುಮ್ನೆ ಹೆದರಿಸ್ತಾರೆ." ಮುಚ್ಚಲೇಬೇಕು ಅನ್ನುವವರು ಅದೇ ಎರಡನ್ನು ಹತ್ತರಿಂದ ಭಾಗಿಸಿ 20 ಪರ್ಸೆಂಟ್ ಅಂದರು. "ಅಯ್ಯೋ, ಐದರಲ್ಲಿ ಒಂದು ಮಗು!" ಇಬ್ಬರ ಭಾಗಾಕಾರವೂ ಸರಿ. ಮೇಷ್ಟ್ರು ಇಬ್ಬರಿಗೂ ಫುಲ್ ಮಾರ್ಕ್ಸ್ ಕೊಡಬೇಕು. ಉಳಿದ 490 ಮಕ್ಕಳ ಮೂಗಿನಲ್ಲಿ ಏನಿದೆ ಅಂತ ಮಾತ್ರ ಇಬ್ಬರಿಗೂ ಗೊತ್ತಿಲ್ಲ. ಆ ಹತ್ತು ಮಕ್ಕಳನ್ನು ಆರಿಸಿದ್ದು ಹೇಗೆ, ಕೆಮ್ಮುತ್ತಿದ್ದವರನ್ನು ಹಿಡಿದು ತಂದರೋ, ಹಾಜರಿ ಪುಸ್ತಕದ ಮೊದಲ ಹತ್ತು ಹೆಸರು ಕೂಗಿದರೋ, ಅದನ್ನಂತೂ ಯಾರೂ ಕೇಳಲಿಲ್ಲ. ಕೇಳಿದರೆ ಜಗಳದ ಮಜಾನೇ ಹೋಗುತ್ತದೆ.

ಟೆಸ್ಟನ್ನೇ ನಿಲ್ಲಿಸಿಬಿಟ್ಟರೆ ಕೇಸೇ ಇರುವುದಿಲ್ಲ ಅನ್ನುವ ಅರ್ಥದ ಮಾತನ್ನು 2020ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಎಲ್ಲರೆದುರೇ ಆಡಿದರು. ಜನ ನಕ್ಕರು. ಆದರೆ ಪಾಪ, ಅವರು ಹೇಳಿಬಿಟ್ಟರು ಅಷ್ಟೇ. ಬಾಯಿಬಿಡದೆ ಅದನ್ನೇ ಮಾಡಿದವರು ಎಷ್ಟು ಜನವೋ. ಬೆಕ್ಕು ಕಣ್ಣು ಮುಚ್ಚಿಕೊಂಡೇ ಅಲ್ವಾ ಹಾಲು ಕುಡಿಯೋದು.

ಇನ್ನು ಮಕ್ಕಳ ಕೇಸು ಎಣಿಸಬೇಕಾದರೆ ಮೊದಲು ಮಗು ಅಂದರೆ ಯಾರು ಅಂತ ತೀರ್ಮಾನ ಆಗಬೇಕು. ಅದೂ ಆಗಲಿಲ್ಲ. ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ ವಾರ ವಾರ ಎಲ್ಲ ರಾಜ್ಯಗಳ ಅಂಕಿ ಕೂಡಿಸಿ ಪ್ರಕಟಿಸುತ್ತಿತ್ತು. ಬಹಳಷ್ಟು ರಾಜ್ಯಗಳಲ್ಲಿ ಮಗು ಅಂದರೆ 17 ಅಥವಾ 19 ವರ್ಷದ ತನಕ. ಫ್ಲಾರಿಡಾದಲ್ಲಿ 14ಕ್ಕೇ ಬಾಲ್ಯ ಮುಗಿಯುತ್ತಿತ್ತು. ಪಕ್ಕದ ಅಲಬಾಮಾದಲ್ಲಿ 24ರ ತನಕ ಮಗುವೇ. ಅಂದರೆ ಫ್ಲಾರಿಡಾದ ಹದಿನಾರರ ಹುಡುಗ ದೊಡ್ಡ ಮನುಷ್ಯ, ಗಡಿ ದಾಟಿ ಆಚೆ ಹೋದರೆ ಮತ್ತೆ ಕೂಸು. ಅಲಬಾಮಾದಲ್ಲಿ ಇಪ್ಪತ್ನಾಲ್ಕರ ಅಪ್ಪನಿಗೂ ಅವನ ಇಬ್ಬರು ಮಕ್ಕಳಿಗೂ ಒಟ್ಟಿಗೆ ಸೋಂಕು ಬಂದರೆ ಮೂರು ಮಕ್ಕಳಿಗೆ ಬಂತು ಅಂತ ಲೆಕ್ಕ. ಇವನ್ನೆಲ್ಲ ಒಂದೇ ಪಟ್ಟಿಗೆ ಹಾಕಿ, ಕೆಳಗೆ ಗೆರೆ ಎಳೆದು, ಒಟ್ಟು ಇಷ್ಟು ಅಂದಾಗ ಅದರ ಮೇಲೆ ಟಿವಿಯಲ್ಲಿ ಒಂದು ಗಂಟೆ ಚರ್ಚೆ. ಆ ಒಟ್ಟಿನಲ್ಲಿ ಇರುವವರು ಯಾರ್‍ಯಾರು ಅಂತ ಡಾಕ್ಟರುಗಳು ಪಾಪ ಟಿಪ್ಪಣಿಯಲ್ಲಿ ಬರೆದೇ ಇದ್ದರು. ಟಿಪ್ಪಣಿ ಓದಿಕೊಂಡು ಚರ್ಚೆಗೆ ಬರುವವರು ಯಾರು?

ಮಗು ಯಾರು ಅಂತ ಗೊತ್ತಾಯಿತು ಅನ್ನೋಣ. ಈಗ "ಶಾಲೆಯ ಕೇಸು" ಅಂದರೆ ಏನು? ಫ್ರಾನ್ಸಿನಲ್ಲಿ 2020ರ ಮೇ 11ರಿಂದ ಶಾಲೆ ತೆರೆಯತೊಡಗಿದವು. ವಾರ ಕಳೆಯುವಷ್ಟರಲ್ಲಿ 70 ಕೇಸು ಸಿಕ್ಕಿವೆ ಅಂತ ಶಿಕ್ಷಣ ಮಂತ್ರಿಗಳೇ ಹೇಳಿದರು. ಜೊತೆಗೆ, ಇವು ಶಾಲೆ ತೆರೆಯುವ ಮೊದಲೇ ಅಂಟಿದ್ದಿರಬೇಕು ಅನ್ನುವ ವಿವರಣೆಯೂ ಬಂತು. ಅದು ಸರಿಯಾದ ಮಾತೇ. ಸೋಂಕು ಅಂಟಿ ಲಕ್ಷಣ ಕಾಣಲು 2ರಿಂದ 14 ದಿನ ಹಿಡಿಯುತ್ತದೆ ಅಂತ ಆಗ ಎಲ್ಲರೂ ಬಾಯಿಪಾಠ ಮಾಡಿದ್ದರು. ಆದರೆ ಈ ಸರಿಯಾದ ಮಾತು ಅಲ್ಲಿಂದ ಹೊರಟು ಊರೂರು ತಿರುಗಿ ಏನಾಯಿತು ನೋಡಿ. ಮೊದಲ ಎರಡು ವಾರದ ಕೇಸು ಮನೆಯಿಂದ ತಂದದ್ದು. ಆಮೇಲಿನದು ಎಲ್ಲಿಂದ ಬಂತು ಅಂತ ಹೇಳಲಾಗದು, ಹಾಗಾಗಿ ಸಮುದಾಯದ್ದು. ಹುಡುಗನಿಗೆ ಬಂದರೆ ಆಟದ ಮೈದಾನದಲ್ಲಿ, ಹುಡುಗಿಗೆ ಬಂದರೆ ಟ್ಯೂಷನ್‌ನಲ್ಲಿ, ಟೀಚರಿಗೆ ಬಂದರೆ ಅವರ ಗಂಡನಿಂದ. ಶಾಲೆಗೆ ಬಂದ ವೈರಸ್ಸೆಲ್ಲ ಹೊರಗಿನದು, ಅಲ್ಲೇ ಹುಟ್ಟಿ ಬೆಳೆದದ್ದು ಒಂದೂ ಇಲ್ಲ. ಇತ್ತ ಅಪ್ಪ ಅಮ್ಮ ಕೇಳಿದರೆ, ನಮ್ಮ ಮನೆ ಗಂಗೆಯಷ್ಟು ಸ್ವಚ್ಛ, ಎಲ್ಲ ಶಾಲೆಯಿಂದಲೇ. ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಕಥೆಯಲ್ಲಿ ಒಂದು ಕೋತಿ, ಒಂದು ಮೇಕೆ ಇತ್ತು. ಇಲ್ಲಿ ಎಲ್ಲರೂ ಕೋತಿಗಳೇ, ಒರೆಸೋಣ ಅಂದರೆ ಮೇಕೆ ಸಿಗುತ್ತಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ, ನಾನು ಶಾಲೆ ತೆರೆಯಬೇಕು ಅನ್ನುವವರ ಪೈಕಿ. ಯುನೆಸ್ಕೋ ಲೆಕ್ಕದಂತೆ 2020ರಲ್ಲಿ 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳು ಮನೆಯಲ್ಲಿ ಕೂತಿದ್ದರು. ಅಷ್ಟು ಮಕ್ಕಳು ಫೋನಿನಲ್ಲಿ ಓದಿದರು ಅಂತ ಹೇಳುವವರು ಮನೆಯಲ್ಲಿ ಇರುವ ಒಂದೇ ಫೋನಿಗೆ ಮೂರು ಮಕ್ಕಳು ಕಿತ್ತಾಡುವುದನ್ನು ನೋಡಿಲ್ಲ. ತೆರೆಯಲೇಬೇಕಿತ್ತು. ನನ್ನ ತಕರಾರು ತೆರೆದ ರೀತಿಯ ಬಗ್ಗೆ.

ಗೇಟಿನಿಂದಲೇ ಶುರು ಮಾಡೋಣ. ನೆಲದ ಮೇಲೆ ಸುಣ್ಣದಲ್ಲಿ ಬಳೆ ಬಿಡಿಸಿದ ಹಾಗೆ ವೃತ್ತಗಳು. ಒಂದೊಂದರಲ್ಲಿ ಒಂದೊಂದು ಮಗು. ಹಣೆಗೆ ಗನ್ ಹಿಡಿಯುತ್ತಾರೆ. ಕೀಂಕ್ ಅನ್ನುತ್ತದೆ. 33.8 ಡಿಗ್ರಿ. ಮೈ ನಿಜವಾಗಿ ಅಷ್ಟು ತಣ್ಣಗಾಗಿದ್ದರೆ ಆ ಮಗು ಕ್ಲಾಸಿಗಲ್ಲ, ಐಸಿಯುಗೆ ಹೋಗಬೇಕು. ರಿಜಿಸ್ಟರಿನಲ್ಲಿ "ನಾರ್ಮಲ್" ಅಂತ ಬರೆದು ಒಳಗೆ ಬಿಡುತ್ತಾರೆ. ಮುಂದಿನ ಮಗು, 32.9. ಅದೂ ನಾರ್ಮಲ್. ಸೋಂಕು ಬಂದ ಎಷ್ಟೋ ಮಕ್ಕಳಿಗೆ ಜ್ವರವೇ ಬರುವುದಿಲ್ಲ ಅನ್ನುವುದು ಬೇರೆ ಮಾತು. ಗನ್ ಹಿಡಿದಿದ್ದಾರಲ್ಲ, ಫೋಟೋ ಬಂತಲ್ಲ, ಸಾಕು. ಗೇಟು ದಾಟಿ ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ವೃತ್ತದ ಮಕ್ಕಳೆಲ್ಲ ಒಂದೇ ಗುಂಪು. ಒಬ್ಬನ ಮಾಸ್ಕಿನ ಮೇಲೆ ಹುಲಿಯ ಮೂತಿ ಇದೆ, ಇನ್ನೊಬ್ಬನಿಗೆ ಅದು ಬೇಕು. ಅದಲುಬದಲು ಆಯಿತು. ಹುಲಿ ಸ್ವಲ್ಪ ಒದ್ದೆಯಾಗಿದೆ, ಪರವಾಗಿಲ್ಲ.

ಅಂತರದ ಕಥೆ ಇನ್ನೂ ಚೆಂದ. ವಿಶ್ವ ಆರೋಗ್ಯ ಸಂಸ್ಥೆ ಒಂದು ಮೀಟರ್ ಅಂದಿತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಆರು ಅಡಿ ಅಂದಿತು. 2021ರ ಮಾರ್ಚ್‌ನಲ್ಲಿ ಅದೇ ಸಂಸ್ಥೆ, ಮಾಸ್ಕ್ ಹಾಕಿದ್ದರೆ ಕ್ಲಾಸಿನಲ್ಲಿ ಮೂರು ಅಡಿ ಸಾಕು ಅಂದಿತು. ಅಧ್ಯಯನ ನೋಡಿಯೇ ಹೇಳಿದರು, ತಕರಾರಿಲ್ಲ. ಆದರೆ ಆರಡಿ ಅಂತರ ಇಟ್ಟರೆ ಮಕ್ಕಳೆಲ್ಲ ಕ್ಲಾಸಿನಲ್ಲಿ ಹಿಡಿಸುವುದಿಲ್ಲ, ಮೂರು ಅಡಿಯಾದರೆ ಹಿಡಿಸುತ್ತಾರೆ ಅನ್ನುವುದು ಎಂಥ ಅನುಕೂಲದ ಕಾಕತಾಳೀಯ ಅಲ್ವಾ? ಕೋಣೆ ದೊಡ್ಡದಾಗಲಿಲ್ಲ, ಅಡಿ ಚಿಕ್ಕದಾಯಿತು.

ನನಗೆ ತುಂಬಾ ಇಷ್ಟವಾದದ್ದು ಹದಿನೈದು ನಿಮಿಷದ್ದು. ಅಮೆರಿಕದ ಆಗಿನ ನಿಯಮದಂತೆ, ಸೋಂಕಿತರ ಜೊತೆ ಆರು ಅಡಿಯೊಳಗೆ 15 ನಿಮಿಷ ಇದ್ದರೆ ನೀವು "ನಿಕಟ ಸಂಪರ್ಕ". ಕ್ವಾರಂಟೈನ್ ಆಗಬೇಕಿತ್ತು. ಹದಿನಾಲ್ಕು ನಿಮಿಷ ಇದ್ದರೆ ಯಾರೋ ದಾರಿಹೋಕರು. ಇದನ್ನು ಓದಿದ ಸಾಮಾನ್ಯ ಮನುಷ್ಯ, ಓಹೋ ಜಾಸ್ತಿ ಹೊತ್ತು ಹತ್ತಿರ ಇರಬಾರದು ಅಂದುಕೊಳ್ಳುತ್ತಾನೆ. ಆಡಳಿತ ನಡೆಸುವವನ ತಲೆ ಬೇರೆ ಥರ ಓಡುತ್ತದೆ. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಒಂದು ಊರಿನ ಶಾಲೆಗಳಿಗೆ ಸಲಹೆ ಹೋಯಿತು, ಹದಿನೈದು ನಿಮಿಷ ತುಂಬುವ ಮೊದಲು ಮಕ್ಕಳ ಜಾಗ ಬದಲಿಸಿ ಅಂತ. ಯಾರೂ ಯಾರ ಪಕ್ಕವೂ ಹದಿನೈದು ನಿಮಿಷ ಇರುವುದಿಲ್ಲ, ಹಾಗಾಗಿ ಯಾರೂ ಯಾರಿಗೂ ನಿಕಟ ಸಂಪರ್ಕ ಅಲ್ಲ. ಕುರ್ಚಿ ಆಟ ನೆನಪಿದೆಯಾ? ಸಂಗೀತ ನಿಂತ ತಕ್ಷಣ ಓಡಿ ಕೂರುವುದು. ಅದೇ ಆಟ, ಸಂಗೀತದ ಬದಲು ಗಡಿಯಾರ. ಮೊದಲು ಒಂದು ಮಗುವಿನ ಗಾಳಿ ಪಕ್ಕದ ಇಬ್ಬರಿಗೆ ಸಿಗುತ್ತಿತ್ತು. ಈಗ ಗಣಿತದ ಪೀರಿಯಡ್ ಮುಗಿಯುವಷ್ಟರಲ್ಲಿ ಇಡೀ ಕ್ಲಾಸಿಗೆ ಸಮಪಾಲು. ವೈರಸ್ ಏನು ಕೈಗಡಿಯಾರ ಕಟ್ಟಿಕೊಂಡು, ಹದಿನಾಲ್ಕು ನಿಮಿಷ ಐವತ್ತು ಸೆಕೆಂಡ್ ಆಯಿತು, ಇನ್ನು ಹತ್ತು ಸೆಕೆಂಡ್ ಇದ್ದಿದ್ದರೆ ಹಿಡಿಯುತ್ತಿದ್ದೆ ಅಂತ ನಿಟ್ಟುಸಿರು ಬಿಡುತ್ತದಾ? ತಮಾಷೆ ಏನೆಂದರೆ ಅದೇ ಅಕ್ಟೋಬರ್ ತಿಂಗಳಲ್ಲೇ ನಿಯಮ ಬದಲಾಗಿ, 24 ಗಂಟೆಯಲ್ಲಿ ಬಿಡಿಬಿಡಿಯಾಗಿ ಕೂಡಿಸಿದರೂ 15 ನಿಮಿಷ ಆದರೆ ಸಂಪರ್ಕವೇ ಅಂತ ಆಯಿತು.

ಅದೇ ವರ್ಷ ಆಗಸ್ಟಿನಲ್ಲಿ ಜಾರ್ಜಿಯಾ ರಾಜ್ಯದ ಒಂದು ಹೈಸ್ಕೂಲು ತೆರೆಯಿತು. ಕಾರಿಡಾರಿನಲ್ಲಿ ಮಕ್ಕಳು ಭುಜಕ್ಕೆ ಭುಜ ತಾಗಿಸಿಕೊಂಡು ಹೋಗುತ್ತಿದ್ದಾರೆ, ಮಾಸ್ಕ್ ಹಾಕಿದವರನ್ನು ಹುಡುಕಬೇಕು. ಒಬ್ಬ ವಿದ್ಯಾರ್ಥಿನಿ ಫೋಟೋ ತೆಗೆದು ಹಾಕಿದಳು. ತಕ್ಷಣ ಕ್ರಮ ಆಯಿತು. ಗುಂಪಿನ ಮೇಲಲ್ಲ, ಹುಡುಗಿಯ ಮೇಲೆ. ಅವಳನ್ನು ಸಸ್ಪೆಂಡ್ ಮಾಡಿದರು. ದೇಶವೆಲ್ಲ ಉಗಿದ ಮೇಲೆ ಅದನ್ನು ವಾಪಸ್ ಪಡೆದರು. ಅಷ್ಟರಲ್ಲಿ ವಿದ್ಯಾರ್ಥಿಗಳು ಸಿಬ್ಬಂದಿ ಸೇರಿ 9 ಕೇಸು ಬಂದು, ಶಾಲೆಯನ್ನು ತೊಳೆಯಲು ಬಾಗಿಲು ಹಾಕಿದರು. ಕನ್ನಡಿ ಒಡೆದರೆ ಮುಖ ಚೆಂದ ಆಗುತ್ತದೆ ಅಂತ ನಂಬಿದವರು ಎಲ್ಲ ದೇಶದಲ್ಲೂ ಇದ್ದಾರೆ.

ಜೆರುಸಲೇಮಿನಲ್ಲೂ ಒಂದು ಹೈಸ್ಕೂಲು, 2020ರ ಮೇ. ತೆರೆದ ಕೆಲವೇ ದಿನಕ್ಕೆ ಬಿಸಿಗಾಳಿ ಶುರುವಾಯಿತು. ಸೆಖೆ ಅಂತ ಮಾಸ್ಕಿಗೆ ವಿನಾಯಿತಿ ಕೊಟ್ಟರು. ಕ್ಲಾಸು ತುಂಬ ಮಕ್ಕಳು, ದಿನವಿಡೀ ಎಸಿ. 153 ವಿದ್ಯಾರ್ಥಿಗಳಿಗೆ, 25 ಸಿಬ್ಬಂದಿಗೆ ಸೋಂಕು ತಗುಲಿತು. ಅಲ್ಲಿ ಎಣಿಸಲು ಸಾಧ್ಯವಾದದ್ದು ಯಾಕೆ ಗೊತ್ತಾ? ಹೆಚ್ಚುಕಡಿಮೆ ಇಡೀ ಶಾಲೆಗೇ ಟೆಸ್ಟ್ ಮಾಡಿಸಿದರು. ಅಂಥ ಹುಚ್ಚು ಕೆಲಸಕ್ಕೆ ಬೇರೆಯವರು ಕೈಹಾಕುತ್ತಾರಾ?

ಆ ಎಸಿ ಕೋಣೆಯ ಹತ್ತಿರ ಸ್ವಲ್ಪ ನಿಲ್ಲೋಣ. ಕೊರೊನಾ ಗಾಳಿಯಲ್ಲಿ ಹರಡುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 28ರಂದು ಟ್ವೀಟ್ ಮಾಡಿತ್ತು, "ಸತ್ಯಾಂಶ" ಅನ್ನುವ ತಲೆಬರಹ ಹಾಕಿ. ಜುಲೈನಲ್ಲಿ 239 ವಿಜ್ಞಾನಿಗಳು, ಗಾಳಿಯಲ್ಲೇ ಹರಡುತ್ತದೆ ಕಣ್ರೀ, ಕಿಟಕಿ ಬಾಗಿಲಿನ ಕಡೆ ಗಮನ ಕೊಡಿ ಅಂತ ಪತ್ರ ಬರೆದರು. ಸಂಸ್ಥೆಯ ಪುಟದಲ್ಲಿ ಆ ಮಾತು ಸ್ಪಷ್ಟವಾಗಿ ಕಾಣಿಸಿದ್ದು 2021ರ ಏಪ್ರಿಲ್ ಕೊನೆಗೆ. ಅಲ್ಲಿಯತನಕ ಜಗತ್ತೆಲ್ಲ ಬೆಂಚು ಒರೆಸಿತು. ಬಾಗಿಲ ಹಿಡಿಕೆ ಒರೆಸಿತು. ಒರೆಸಿ ಒರೆಸಿ ಬೆಂಚಿನ ಬಣ್ಣ ಹೋಯಿತು, ಕಿಟಕಿ ಮಾತ್ರ ಹಾಗೇ ಇತ್ತು.

ಈಗ ಒಂದು ಸಭೆ ಊಹಿಸಿಕೊಳ್ಳಿ. ಯಾವ ಶಾಲೆಯಾದರೂ ಆಗಬಹುದು. ವಿಷಯ, "ಶಾಲೆಯಲ್ಲಿನ ಪ್ರಕರಣಗಳ ಪ್ರಮಾಣ". ಉದ್ದನೆಯ ಮೇಜಿನ ಸುತ್ತ ಹತ್ತೊಂಬತ್ತು ಜನ. ಬಾಗಿಲು ಹಾಕಿದ್ದಾರೆ, ಗುಟ್ಟಿನ ಚರ್ಚೆ.

"0.4," ಅಂದರು ಎಡಗಡೆಯವರು.

"20," ಅಂದರು ಬಲಗಡೆಯವರು.

"ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ 10.2 ಬರುತ್ತದೆ, ಎಲ್ಲರಿಗೂ ಒಪ್ಪಿಗೆಯಾ?" ಅಂದರು ಅಧ್ಯಕ್ಷರು. ಅವರು ರಾಜಿ ಪಂಚಾಯ್ತಿಯಲ್ಲಿ ಪಳಗಿದವರು.

ವಿಜ್ಞಾನದ ಟೀಚರ್ ಕೈ ಎತ್ತಿದರು. "ಸಾರ್, ಈ ಕಿಟಕಿ ಸ್ವಲ್ಪ ತೆಗೆಯಬಹುದಾ? ಕ್ಲಾಸುಗಳದ್ದೂ ತೆಗೆಸಿದರೆ ಒಳ್ಳೆಯದು. ಆರು ಕ್ಲಾಸಿನಲ್ಲಿ ಕಿಟಕಿ ತೆಗೆಯೋಕೇ ಬರಲ್ಲ. ಬಣ್ಣ ಹೊಡೆಯುವಾಗ ಚಿಲಕದ ಮೇಲೂ ಹೊಡೆದಿದ್ದಾರೆ."

"ಕಿಟಕಿ ಇವತ್ತಿನ ಅಜೆಂಡಾದಲ್ಲಿ ಇಲ್ಲ ಮೇಡಂ."

"ಮುಂದಿನ ಸಭೆಗೆ ಹಾಕೋಣ ಸಾರ್?"

"ಹಾಕೋಣ, ಮೊದಲು ಪ್ರಮಾಣ ಗೊತ್ತಾಗಲಿ. 0.4 ಆದರೆ ಕಿಟಕಿಯ ಅಗತ್ಯ ಇಲ್ಲ. 20 ಆದರೆ ಶಾಲೆಯನ್ನೇ ಮುಚ್ಚಬೇಕಾಗುತ್ತದೆ, ಆಗ ಕಿಟಕಿ ತೆಗೆದು ಏನು ಮಾಡ್ತೀರಿ?"

ಈ ತರ್ಕಕ್ಕೆ ಟೀಚರ್ ಹತ್ತಿರ ಉತ್ತರ ಇರಲಿಲ್ಲ. ಮೂರೂವರೆ ಗಂಟೆ ಸಭೆ ನಡೆಯಿತು. ಕೂಗಾಡುವಾಗ ಕೇಳಿಸಲ್ಲ ಅಂತ ಎಲ್ಲರೂ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡರು. ಕೊನೆಗೆ ಒಂದು ಉಪಸಮಿತಿ ಆಯಿತು.

ನಾಲ್ಕು ದಿನ ಕಳೆದು ಅಧ್ಯಕ್ಷರಿಗೆ ಜ್ವರ. ಆಮೇಲೆ ಎಡಗಡೆಯ ಮೂವರಿಗೆ, ಬಲಗಡೆಯ ನಾಲ್ವರಿಗೆ. ಈ ವಿಷಯದಲ್ಲಾದರೂ ಎರಡೂ ಕಡೆಯವರು ಒಂದಾದರು. ಉಪಸಮಿತಿ ಫೋನಿನಲ್ಲೇ ಸೇರಿತು. ಈ ಎಂಟನ್ನು ಎಲ್ಲಿ ಬರೆಯುವುದು? ಇವರು ವಿದ್ಯಾರ್ಥಿಗಳಲ್ಲ. ಇಬ್ಬರು ಬಿಟ್ಟರೆ ಸಿಬ್ಬಂದಿಯೂ ಅಲ್ಲ. ಸಭೆ ನಡೆದದ್ದು ಭಾನುವಾರ, ಅಂದರೆ ಶಾಲೆ ತೆರೆದೇ ಇರಲಿಲ್ಲ. ಮೂರೂವರೆ ಗಂಟೆ ಕೂತಿದ್ದರೂ ಅಧ್ಯಕ್ಷರು ನಡುನಡುವೆ ಫೋನ್ ಬಂತು ಅಂತ ಎದ್ದು ಹೋಗುತ್ತಿದ್ದರು, ಹಾಗಾಗಿ ಸತತ ಹದಿನೈದು ನಿಮಿಷ ಆಗಿದೆ ಅಂತ ಹೇಳಲಾಗದು. ಸೋಮವಾರ ನೋಟಿಸ್ ಬೋರ್ಡಿನಲ್ಲಿ ಚೀಟಿ ಅಂಟಿಸಿದರು. "ಶಾಲೆಯಲ್ಲಿ ಈ ವಾರದ ಹೊಸ ಪ್ರಕರಣ: 0."

ಅದೇ ದಿನ ಸಭೆಯ ಕೋಣೆಗೆ ಔಷಧಿ ಹೊಡೆಯುವವರು ಬಂದರು. ಮೇಜು, ಕುರ್ಚಿ, ಗೋಡೆ ಎಲ್ಲಕ್ಕೂ ಹೊಡೆದರು. ಘಾಟು ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಒಬ್ಬ ಮೂಗು ಮುಚ್ಚಿಕೊಂಡು ಕಿಟಕಿ ಹತ್ತಿರ ಓಡಿ ಚಿಲಕ ಎಳೆದ. ಬರಲಿಲ್ಲ. ಎರಡೂ ಕೈ ಹಾಕಿ ಜಗ್ಗಿದ.

ಚಿಲಕ ಕೈಗೆ ಬಂತು.