‘ಇಲ್ಲ’ ಅಂದವಳ ಮೇಲೆ ನನಗೆ ಸಿಟ್ಟಿಲ್ಲ

ಪಕ್ಕದಲ್ಲಿ ಗಂಡ, ಬೆನ್ನ ಹಿಂದೆ ಅತ್ತೆ. ಡಾಕ್ಟರು ತಲೆಯೆತ್ತದೆ, “ಸಿಗರೇಟು, ಕುಡಿತ, ಬೇರೆ ಏನಾದರೂ ಅಭ್ಯಾಸ ಇದೆಯೇನಮ್ಮಾ?” ಅಂತ ಕೇಳಿದರೆ ಯಾವ ಬಸುರಿ ಹೌದು ಅಂತಾಳೆ ಹೇಳಿ. ನನ್ನ ಗೆಳತಿಯೂ ಇಲ್ಲ ಅಂದಳು.

ಅವಳಿಗಿದ್ದದ್ದು ಮಾತ್ರೆಯ ಚಟ. ಅಪಘಾತವಾದಾಗ ಬೆನ್ನುನೋವಿಗೆ ಬರೆದುಕೊಟ್ಟಿದ್ದ ಓಪಿಯಾಯ್ಡ್ ಮಾತ್ರೆ, ಅಂದರೆ ಅಫೀಮಿನ ಜಾತಿಯದು. ನೋವು ಹೋಯಿತು, ಮಾತ್ರೆ ಉಳಿಯಿತು. ಬಸುರಿ ಅಂತ ಗೊತ್ತಾದಾಗ ಎರಡು ತಿಂಗಳು ಮುಚ್ಚಿಟ್ಟಳು. ಆಮೇಲೊಂದು ರಾತ್ರಿ ಇದ್ದಬದ್ದ ಮಾತ್ರೆಯನ್ನೆಲ್ಲ ಎಸೆದಳು. ಮೂರನೇ ದಿನ ಫೋನು ಮಾಡಿದಾಗ ಅವಳ ಹಲ್ಲು ಕಟಕಟ ಅನ್ನುವುದು ನನಗೇ ಕೇಳಿಸುತ್ತಿತ್ತು. “ಬಿಟ್ಟೆಯಲ್ಲ, ಒಳ್ಳೇದಾಯ್ತು ಬಿಡು” ಅಂದುಬಿಟ್ಟೆ.

ಎಂಥ ದಡ್ಡ ಮಾತು! ಬಸುರಿಯಲ್ಲಿ ಇಂಥ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ. ತಡೆಯಲಾರದೆ ಮತ್ತೆ ಹಳೇ ಪ್ರಮಾಣದಲ್ಲೇ ನುಂಗಿದರೆ ಜೀವಕ್ಕೇ ಸಂಚಕಾರ. ಅದಕ್ಕೇ ಡಾಕ್ಟರು ಆ ಮಾತ್ರೆಯ ಬದಲಿಗೆ ಅದೇ ಜಾತಿಯ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಅನ್ನುವ ಮದ್ದು ಕೊಟ್ಟು, ಕಣ್ಗಾವಲಲ್ಲಿ ನಡೆಸಿಕೊಂಡು ಹೋಗುತ್ತಾರೆ. ದಿನಾ ವಿಪರೀತ ಕುಡಿಯುವವಳೂ ಅಷ್ಟೇ: ಕುಡಿತ ನಿಲ್ಲಲೇಬೇಕು, ಆದರೆ ಮನೆಯಲ್ಲಿ ಒಬ್ಬಳೇ ನಿಲ್ಲಿಸಹೊರಟರೆ ಫಿಟ್ಸ್ ಬರಬಹುದು.

ಹಾಗಂತ ಚಟಕ್ಕೆ ನಾನು ವಕಾಲತ್ತು ಹಾಕುತ್ತಿಲ್ಲ. ಗರ್ಭದಲ್ಲೇ ಮದ್ಯ ತಾಗಿದ 127 ಮಕ್ಕಳಲ್ಲಿ ಕಂಡ ಕುಂದುಗಳ ಬಗ್ಗೆ ಫ್ರಾನ್ಸಿನ ಮಕ್ಕಳ ಡಾಕ್ಟರು ಪಾಲ್ ಲೆಮೋಯ್ನ್ 1968ರಲ್ಲೇ ಬರೆದಿದ್ದರು. ಆ ತೊಂದರೆಗೆ ‘ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್’ ಅಂತ ಹೆಸರು ಬಿದ್ದದ್ದು 1973ರಲ್ಲಿ. ಇಷ್ಟು ಕುಡಿದರೆ ಏನೂ ಆಗಲ್ಲ ಅನ್ನುವ ಅಳತೆ ಇವತ್ತಿಗೂ ಯಾರ ಬಳಿಯೂ ಇಲ್ಲ. ಪೆಟ್ಟು ಎಷ್ಟೋ ಸಲ ಮುಖದಲ್ಲಿ ಕಾಣುವುದೇ ಇಲ್ಲ. ಶಾಲೆಗೆ ಹೋಗುವ ವಯಸ್ಸಿಗೆ ಲೆಕ್ಕ ತಲೆಗೆ ಹತ್ತದೆ, ಹೇಳಿದ್ದು ನೆನಪಿರದೆ, ಕೂತಲ್ಲಿ ಕೂರಲಾಗದೆ ಹೊರಬೀಳುತ್ತದೆ. ಆಗ ಮಗುವಿಗೆ ‘ಹಟಮಾರಿ’ ಅಂತ ಬೈಗುಳ, ತಾಯಿಗೆ ‘ನಿನ್ನಿಂದಲೇ’ ಅಂತ ಚುಚ್ಚುಮಾತು. ಹಾಗೆ ಚುಚ್ಚುವ ಮಹಾಶಯ ಒಂಬತ್ತು ತಿಂಗಳೂ ಅದೇ ಕೋಣೆಯಲ್ಲಿ ಸಿಗರೇಟು ಸೇದಿರುತ್ತಾನೆ. ಆ ಹೊಗೆಯೂ ಮಗುವಿನ ತೂಕ ತಗ್ಗಿಸುತ್ತದೆ. ಅವನನ್ನು ಮಾತ್ರ ಯಾವ ಡಾಕ್ಟರೂ ಕೇಳುವುದಿಲ್ಲ!

ಹೆದರಿಸಿದರೆ ದಾರಿಗೆ ಬರುತ್ತಾರೆ ಅನ್ನುವವರಿದ್ದಾರೆ. ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ಆಸ್ಪತ್ರೆಯೊಂದು ಬಸುರಿಯರ ಮೂತ್ರ ಪರೀಕ್ಷೆ ಮಾಡಿ, ಕೊಕೇನ್ ಕಂಡರೆ ಪೊಲೀಸರಿಗೆ ತಿಳಿಸುತ್ತಿತ್ತು. ಒಪ್ಪಿಗೆಯಿಲ್ಲದೆ ಹಾಗೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಪೊಲೀಸರು ಬರುತ್ತಾರೆ ಅಂದರೆ ಹೆಂಗಸರು ಚಟವನ್ನಲ್ಲ, ಆಸ್ಪತ್ರೆಯನ್ನೇ ಬಿಡುತ್ತಾರೆ.

ಗೆಳತಿಯನ್ನು ಉಳಿಸಿದ್ದು ಇನ್ನೊಬ್ಬ ಡಾಕ್ಟರಮ್ಮ. “ನೀವೆಲ್ಲ ಸ್ವಲ್ಪ ಹೊರಗಿರಿ” ಅಂದರು, ಅಷ್ಟೇ. ಬಾಗಿಲು ಮುಚ್ಚಿದ ಮೇಲೆ ಇವಳು ಎಲ್ಲ ಹೇಳಿದಳು. ಏಳನೇ ತಿಂಗಳಲ್ಲಿ ಅತ್ತೆಗೂ ತಾನೇ ಹೇಳಿದಳು. ಅವರು ಎರಡು ದಿನ ಮಾತಾಡಲಿಲ್ಲ.

ಹುಟ್ಟಿದ ಎರಡನೇ ದಿನ ಮಗು ಕೀರಲು ದನಿಯಲ್ಲಿ ಅಳತೊಡಗಿತು. ಕೈಕಾಲು ನಡುಕ, ಮೊಲೆಗೆ ಬಾಯಿ ಹಚ್ಚಿದರೂ ಹಿಡಿತ ತಪ್ಪುತ್ತಿತ್ತು. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಸಿಗುತ್ತಿದ್ದ ಮದ್ದು ಈಗ ನಿಂತಿತಲ್ಲ, ಅದಕ್ಕೇ ಹೀಗೆ; ಚಿಕಿತ್ಸೆ ಇದೆ, ಇಳಿಯುತ್ತದೆ ಅಂದರು ನರ್ಸು. ಮೂರ್ನಾಲ್ಕು ಗಂಟೆಗೊಮ್ಮೆ ಬಂದು ನಡುಕ, ಆಕಳಿಕೆ, ಸೀನು ಎಲ್ಲಕ್ಕೂ ಅಂಕ ಹಾಕುತ್ತಿದ್ದರು. ನಾನು ನೋಡಲು ಹೋದಾಗ ಕೋಣೆಯಲ್ಲಿ ಮಬ್ಬುಗತ್ತಲು. ಗೆಳತಿಯ ಬರಿಯೆದೆಯ ಮೇಲೆ ಮಗು. ಅತ್ತೆ ಮಡಿಲಲ್ಲೊಂದು ಚೀಟಿ ಇಟ್ಟುಕೊಂಡಿದ್ದರು. ದೀಪದ ಸ್ವಿಚ್ಚಿಗೆ ಕೈಹಾಕಿದೆ.

“ಹಾಕಬೇಡ್ವೇ, ಬೆಳಕಿಗೆ ಬೆಚ್ಚುತ್ತೆ,” ಅಂದರು ಪಿಸುದನಿಯಲ್ಲಿ. “ಬೆಳಗ್ಗೆಯಿಂದ ಎರಡೇ ಸಲ ಸೀನಿದ್ದು. ಬರೆದಿಟ್ಟಿದೀನಿ.”