ಅಡ್ವಾನ್ಸ್ ನಿಮ್ಮ ದುಡ್ಡಲ್ಲ ಸ್ವಾಮಿ, ಅದು ಸಾಲ

ಬೆಂಗಳೂರಿನ ಮನೆ ಓನರುಗಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಅಡ್ವಾನ್ಸ್ ಎಷ್ಟು ಜಾಸ್ತಿ ಇಸಿದುಕೊಂಡರೆ ನಾವು ಅಷ್ಟು ಸೇಫ್ ಅನ್ನೋದು. ನನ್ನ ಪ್ರಕಾರ ಓನರು-ಬಾಡಿಗೆದಾರರ ಜಗಳ ಬಹುಪಾಲು ಹುಟ್ಟುವುದೇ ಈ ದೊಡ್ಡ ಅಡ್ವಾನ್ಸಿನಿಂದ.

ಲೆಕ್ಕ ಹಾಕಿ ನೋಡಿ. ತಿಂಗಳಿಗೆ 20,000 ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್ ಅಂದರೆ 2 ಲಕ್ಷ. ಅದು ಮಗಳ ಕಾಲೇಜು ಫೀಸಿಗೋ ಮೇಲಿನ ಮಹಡಿಯ ಕಬ್ಬಿಣ ಸಿಮೆಂಟಿಗೋ ಹೋಗಿಬಿಡುತ್ತದೆ. ಬಾಡಿಗೆದಾರರು ಖಾಲಿ ಮಾಡ್ತೀವಿ ಅಂದಾಗ ಕೈ ಖಾಲಿ. "ಹೊಸಬರು ಬಂದು ಅಡ್ವಾನ್ಸ್ ಕೊಡಲಿ, ಆಮೇಲೆ ನಿಮ್ಮದು ಸೆಟ್ಲ್ ಮಾಡ್ತೀನಿ" ಅನ್ನೋ ಮಾತು ಶುರುವಾಗುತ್ತದೆ. ಓನರುಗಳು ಹೀಗೇ ಅಂತ ಊರಿಗೆಲ್ಲ ಗೊತ್ತು. ಅದಕ್ಕೇ ಬಾಡಿಗೆದಾರರು ಕೊನೆಯ ಮೂರು ತಿಂಗಳು ಬಾಡಿಗೆ ನಿಲ್ಲಿಸಿ "ಅಡ್ವಾನ್ಸಲ್ಲೇ ಮುರ್ಕೊಳ್ಳಿ ಸಾರ್" ಅಂತಾರೆ. ಅವರನ್ನು ಬೈದು ಪ್ರಯೋಜನವಿಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಕೈಯಲ್ಲಿ 2 ಲಕ್ಷ ಇದೆಯಲ್ಲ ಅಂತ ಓನರು ಮೈಮರೆಯುತ್ತಾರೆ. ಬಾಡಿಗೆ ಒಂದು ತಿಂಗಳು ಬರಲಿಲ್ಲ, ಎರಡು ತಿಂಗಳು ಬರಲಿಲ್ಲ, "ಇರಲಿ ಬಿಡು". ಎಂಟನೇ ತಿಂಗಳಿಗೆ ಎಚ್ಚರವಾದರೆ ಅಡ್ವಾನ್ಸ್ ಬಹುತೇಕ ಕರಗಿರುತ್ತದೆ. ನೋಟಿಸು, ಕೋರ್ಟು ಶುರುವಾಗುವುದು ಅಲ್ಲಿಂದಾಚೆಗೆ, ಕೇಸು ವರ್ಷಗಟ್ಟಲೆ ಎಳೆಯುತ್ತದೆ. ನಾಲ್ಕು ತಿಂಗಳ ಅಡ್ವಾನ್ಸ್ ಇಟ್ಟುಕೊಂಡು ಎರಡನೇ ತಿಂಗಳಲ್ಲೇ ನೋಟಿಸ್ ಕೊಡುವ ಓನರು ಇವರಿಗಿಂತ ಎಷ್ಟೋ ಭದ್ರ.

ಆದ್ದರಿಂದ ಮೂರರಿಂದ ಐದು ತಿಂಗಳು ಸಾಕು. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕೊಟ್ಟ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಮಿತಿ ಹಾಕುತ್ತದೆ. ರಾಜ್ಯ ತನ್ನದೇ ಕಾಯ್ದೆ ಮಾಡುವವರೆಗೆ ಅದು ಮಾದರಿ ಮಾತ್ರ, ಆದರೆ ಗಾಳಿ ಯಾವ ಕಡೆಗಿದೆ ಅಂತ ಗೊತ್ತಾಗುತ್ತದೆ. ಬಂದ ಅಡ್ವಾನ್ಸನ್ನು ಪ್ರತ್ಯೇಕ ಎಫ್‌ಡಿ ಮಾಡಿ, ಬಡ್ಡಿ ನಿಮ್ಮದು, ಅಸಲು ಮುಟ್ಟಬೇಡಿ. ನಗದು ಬೇಡವೇ ಬೇಡ. 20,000 ಅಥವಾ ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ನಗದಿನಲ್ಲಿ ಪಡೆದರೆ ಪಡೆದಷ್ಟೇ ಮೊತ್ತದ ದಂಡ ಹಾಕಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿದೆ.

ಇನ್ನು ಅಗ್ರಿಮೆಂಟು. ಹನ್ನೊಂದು ತಿಂಗಳಿಗೇ ಯಾಕೆ ಮಾಡ್ತಾರೆ ಅಂದರೆ ಒಂದು ವರ್ಷ ಮೀರಿದ ಕರಾರನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಲೇಬೇಕು, 1908ರ ನೋಂದಣಿ ಕಾಯ್ದೆ ಹೇಳುವುದು ಅದನ್ನೇ. ಬಾಡಿಗೆದಾರರು ಮನೆ ತಮ್ಮದು ಅಂದುಬಿಡ್ತಾರೆ ಅನ್ನೋ ಭಯಕ್ಕೂ ಹನ್ನೊಂದು ತಿಂಗಳಿಗೂ ಸಂಬಂಧವಿಲ್ಲ. ಬಾಡಿಗೆದಾರರು ಇರುವುದು ನಿಮ್ಮ ಒಪ್ಪಿಗೆಯಿಂದ. ಹನ್ನೆರಡಲ್ಲ, ಇಪ್ಪತ್ತು ವರ್ಷ ಬಾಡಿಗೆ ಕೊಟ್ಟುಕೊಂಡಿದ್ದರೂ ಅಷ್ಟರಿಂದಲೇ ಮನೆ ಅವರದಾಗುವುದಿಲ್ಲ.

ಕೆಲವರು ಮೂರು ವರ್ಷಕ್ಕೆ ಬರೆದು ನೋಟರಿ ಸೀಲು ಹಾಕಿಸಿ ಆಯ್ತು ಅಂದುಕೊಳ್ತಾರೆ. ನೋಟರಿ ಸೀಲು ನೋಂದಣಿಯಲ್ಲ. ಕೋರ್ಟಿಗೆ ಹೋದಾಗ ಆ ಮೂರು ವರ್ಷ, ಲಾಕ್-ಇನ್ (ಇಷ್ಟು ಕಾಲ ಮನೆ ಬಿಡುವಂತಿಲ್ಲ ಅನ್ನೋ ಷರತ್ತು), ವರ್ಷಕ್ಕಿಷ್ಟು ಏರಿಕೆ ಯಾವುದೂ ನಿಲ್ಲದೆ ಅದು ಬರೀ ತಿಂಗಳ ಬಾಡಿಗೆ ಅನ್ನಿಸಿಕೊಳ್ಳುತ್ತದೆ. ಛಾಪಾ ಕಾಗದದ ಕಥೆಯೂ ಹಾಗೇ. ಸುಂಕ ಲೆಕ್ಕವಾಗುವುದು ಬಾಡಿಗೆ ಮತ್ತು ಅಡ್ವಾನ್ಸಿನ ಮೇಲೆ, ಅಂಗಡಿಯವನು ಕೈಗೆ ಸಿಕ್ಕ ಸ್ಟಾಂಪ್ ಪೇಪರಿನಲ್ಲಿ ಟೈಪ್ ಮಾಡಿಕೊಟ್ಟರೆ ಸರಿಯಾಯ್ತು ಅಂತಲ್ಲ. ಸುಂಕ ಕಡಿಮೆ ಬಿದ್ದ ಪತ್ರ ಕೋರ್ಟಿಗೆ ಬಂದರೆ ಬಾಕಿ ಸುಂಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಿಯೇ ಮುಂದಕ್ಕೆ ಹೋಗಬೇಕು.

ಪತ್ರದಲ್ಲಿ ಮನೆಯಲ್ಲಿ ಇರುವ ವಯಸ್ಕರೆಲ್ಲರ ಹೆಸರು ಬರಲಿ. ನಾಲ್ಕು ಜನ ಬ್ಯಾಚುಲರ್ಸ್ ಇದ್ದು ಒಬ್ಬನ ಹೆಸರಲ್ಲಿ ಮಾತ್ರ ಕರಾರಾದರೆ ಆರು ತಿಂಗಳಿಗೆ ಅವನು ಪುಣೆಗೆ ಹೋಗಿರುತ್ತಾನೆ, ಮನೆಯಲ್ಲಿರುವ ಮೂವರಿಗೂ ನಿಮಗೂ ಕಾಗದದ ಸಂಬಂಧವೇ ಇರುವುದಿಲ್ಲ. ನಾಲ್ವರೂ ಸಹಿ ಹಾಕಲಿ, ಪೂರ್ತಿ ಬಾಡಿಗೆಗೆ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆ ಅಂತ ಬರೆಯಿರಿ. ಒಳಬಾಡಿಗೆ, ಪಿಜಿ ಬೇಡ ಅನ್ನೋದು ಸ್ಪಷ್ಟವಾಗಿರಲಿ.

ಇಡೀ ವ್ಯವಹಾರದಲ್ಲಿ ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಉದಾಸೀನ ಮಾಡುವುದು, ಕೀ ಕೊಡುವ ದಿನದ ಅರ್ಧ ಗಂಟೆ. ಬಾಡಿಗೆದಾರರನ್ನು ಜೊತೆಗೆ ಕರೆದುಕೊಂಡೇ ವಿಡಿಯೋ ಮಾಡಿ. ಮೊದಲು ಕರೆಂಟ್ ಮೀಟರು: ಆರ್‌ಆರ್ ನಂಬರು, ರೀಡಿಂಗು ಎರಡೂ ಕಾಣಬೇಕು. ಅಡುಗೆಮನೆ ಸಿಂಕಿಗೆ ಒಂದು ಬಕೆಟ್ ನೀರು ಸುರಿದು ಕೆಳಗಿನ ಪೈಪಿಗೆ ಕೈ ಒರೆಸಿ ನೋಡಿ, ಒದ್ದೆಯಾದರೆ ಇವತ್ತೇ ಪ್ಲಂಬರ್ ಕರೆಸಿ. ಫ್ಲಶ್ ಒತ್ತಿ, ಟ್ಯಾಂಕ್ ತುಂಬಿ ನೀರು ನಿಲ್ಲುತ್ತದಾ ಕಾಯಿರಿ. ಗೀಸರ್ ಹತ್ತು ನಿಮಿಷ ಹಾಕಿ. ಪ್ರತಿ ಬಾಗಿಲ ಚಿಲಕ, ಪ್ರತಿ ಫ್ಯಾನು, ಬಾತ್‌ರೂಮ್ ಟೈಲ್ಸಿನ ಬಿರುಕು ಎಲ್ಲ ದಾಖಲಾಗಲಿ. ಕೊಟ್ಟ ಕೀಗಳ ಸಂಖ್ಯೆ ಬರೆದುಕೊಳ್ಳಿ. ವಿಡಿಯೋವನ್ನು ಆಗಲೇ ಇಬ್ಬರ ವಾಟ್ಸಾಪಿಗೂ ಹಾಕಿ, ತಾರೀಖು ತಾನಾಗಿಯೇ ಬೀಳುತ್ತದೆ. ಎರಡು ವರ್ಷದ ಮೇಲೆ "ಈ ಬಿರುಕು ಮೊದಲೇ ಇತ್ತು" "ಇರಲಿಲ್ಲ" ಅನ್ನೋ ವಾದಕ್ಕೆ ಉತ್ತರ ಅದರಲ್ಲೇ ಇರುತ್ತದೆ.

ಕರೆಂಟ್ ವಿಷಯದಲ್ಲಿ ಈಗ ಹೊಸ ತಲೆನೋವು ಗೃಹಜ್ಯೋತಿ. 2023ರಿಂದ ಬಾಡಿಗೆದಾರರು ತಮ್ಮ ಆಧಾರನ್ನು ನಿಮ್ಮ ಮೀಟರಿಗೆ ಜೋಡಿಸಿಕೊಂಡಿರುತ್ತಾರೆ. ಹೋಗುವಾಗ ಅದನ್ನು ಬಿಡಿಸದಿದ್ದರೆ ಹೊಸಬರಿಗೆ ನೋಂದಣಿ ಆಗುವುದಿಲ್ಲ, ಹಳಬರಿಗೂ ಹೊಸ ಮನೆಯಲ್ಲಿ ಸಿಗುವುದಿಲ್ಲ. ಅಡ್ವಾನ್ಸ್ ವಾಪಸ್ ಕೊಡುವ ಮುಂಚೆ ಡಿ-ಲಿಂಕ್ ಮಾಡಿಸಿಕೊಳ್ಳಿ. ಹಾಗೇ ಬೆಸ್ಕಾಂ ಹೆಚ್ಚುವರಿ ಭದ್ರತಾ ಠೇವಣಿ ಕೇಳಿದರೆ ಅದು ಓನರು ಕಟ್ಟಬೇಕಾದದ್ದು. ಠೇವಣಿ ಇರುವುದು ಮೀಟರ್ ಯಾರ ಹೆಸರಲ್ಲಿದೆಯೋ ಅವರ ಖಾತೆಯಲ್ಲಿ.

ಆಸ್ತಿ ತೆರಿಗೆಯಲ್ಲಿ ಬಾಡಿಗೆ ಮನೆಯನ್ನು ಸ್ವಂತ ವಾಸ ಅಂತ ಘೋಷಿಸುವ ಚಾಳಿಯೂ ಬಿಡಿ. ಬೆಂಗಳೂರಿನಲ್ಲಿ ಬಾಡಿಗೆ ಮನೆಯ ದರ ಸ್ವಂತ ವಾಸದ ದುಪ್ಪಟ್ಟು, ಸಿಕ್ಕಿಬಿದ್ದರೆ ವ್ಯತ್ಯಾಸದ ಜೊತೆ ದಂಡ, ಬಡ್ಡಿ. ಆದಾಯ ತೆರಿಗೆಯಲ್ಲಿ ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30 ರಿಯಾಯಿತಿ ನೇರವಾಗಿ ಸಿಗುತ್ತದೆ, ರಿಪೇರಿ ಬಿಲ್ಲು ತೋರಿಸಬೇಕಿಲ್ಲ. ಅಮೆರಿಕದಲ್ಲಿದ್ದುಕೊಂಡು ಜಯನಗರದ ಮನೆ ಬಾಡಿಗೆಗೆ ಕೊಟ್ಟವರು ಗಮನಿಸಿ: ಅನಿವಾಸಿ ಓನರಿಗೆ ಕೊಡುವ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯಬೇಕಾದ ಹೊಣೆ ಬಾಡಿಗೆದಾರರದು. ಅವರಿಗೆ ಮೊದಲೇ ತಿಳಿಸುವುದು ಮರ್ಯಾದೆ.

ಬಾಡಿಗೆ ನಿಂತರೆ ಏನು ಮಾಡಬೇಕು? ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಲ್ಲಿ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಗೆ ಅನ್ವಯಿಸುವುದಿಲ್ಲ, ಅಂದರೆ ಇವತ್ತಿನ ಮನೆಗಳು ಬಹುತೇಕ ಹೊರಗೆ. ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ತಿಂಗಳ ಬಾಡಿಗೆಯಾದರೆ 15 ದಿನದ ಲಿಖಿತ ನೋಟಿಸು, ಅಗ್ರಿಮೆಂಟಿನಲ್ಲಿ ಬೇರೆ ಅವಧಿ ಬರೆದಿದ್ದರೆ ಅದು. ಅಂಚೆಯಲ್ಲಿ ಕಳಿಸಿ ಮುಟ್ಟಿದ ದಾಖಲೆ ಇಟ್ಟುಕೊಳ್ಳಿ. ನೋಟಿಸಿನ ಗಡುವು ಮುಗಿದ ಮೇಲೆ ಫೋನ್‌ಪೇಯಲ್ಲಿ ಬಂದ ದುಡ್ಡನ್ನು ಸುಮ್ಮನೆ ಬಾಡಿಗೆ ಅಂತ ಇಟ್ಟುಕೊಂಡರೆ ನೋಟಿಸನ್ನು ನೀವೇ ಬಿಟ್ಟುಕೊಟ್ಟಿರಿ ಅಂತ ಎದುರು ವಕೀಲರು ವಾದಿಸುತ್ತಾರೆ. ಬಂದ ದಿನವೇ "ಇದನ್ನು ನೋಟಿಸಿಗೆ ಧಕ್ಕೆಯಿಲ್ಲದೆ, ಮನೆ ಬಳಸಿದ್ದಕ್ಕೆ ಪರಿಹಾರವಾಗಿ ಪಡೆದಿದ್ದೇನೆ" ಅಂತ ಬರೆದು ಕಳಿಸಿ.

ನೀರು ನಿಲ್ಲಿಸುವುದು, ಫ್ಯೂಸ್ ಕೀಳುವುದು, ಬೀಗ ಬದಲಿಸುವುದು ಮಾತ್ರ ಮಾಡಬೇಡಿ. ಹಾಗೆ ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ಕೇಸು ಹಾಕಿ ಸ್ವಾಧೀನ ವಾಪಸ್ ಪಡೆಯಬಹುದು, ಮನೆ ಯಾರದು ಅನ್ನೋ ಪ್ರಶ್ನೆಯನ್ನು ಕೋರ್ಟು ಅಲ್ಲಿ ಎತ್ತುವುದೇ ಇಲ್ಲ.

ಕೊನೆಗೆ ಪೇಂಟಿಂಗ್. ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಬೆಂಗಳೂರಿನ ರೂಢಿ, ಕಾನೂನಲ್ಲ. ಬಾಡಿಗೆದಾರರು ಸಹಜ ಸವೆತ ಬಿಟ್ಟು ಉಳಿದ ಹಾಳಿಗೆ ಮಾತ್ರ ಹೊಣೆ. ಕ್ಯಾಲೆಂಡರ್ ಮೊಳೆಯ ತೂತು ಸಹಜ ಸವೆತ, ಟಿವಿ ಬ್ರಾಕೆಟ್ ಕಿತ್ತಾಗ ಗೋಡೆಯ ಗಾರೆ ಎದ್ದು ಬಂದರೆ ಅದು ಹಾಳು. ಐದು ವರ್ಷ ಇದ್ದವರಿಂದ ಪೂರ್ತಿ ತಿಂಗಳು ಮುರಿಯುವುದು ದುರಾಸೆ, ಬಣ್ಣದ ಆಯಸ್ಸೇ ಮುಗಿದಿರುತ್ತದೆ. ಒಂದು ವರ್ಷದೊಳಗೆ ಬಿಟ್ಟರೆ ಪೂರ್ತಿ, ಎರಡು ವರ್ಷವಾದರೆ ಅರ್ಧ, ಮೂರು ದಾಟಿದರೆ ಏನೂ ಇಲ್ಲ ಅಂತ ಮೊದಲೇ ಅಗ್ರಿಮೆಂಟಿನಲ್ಲಿ ಬರೆದುಬಿಡಿ. ಖಾಲಿ ಮಾಡುವ ದಿನ ಹಳೆಯ ವಿಡಿಯೋ ಹಿಡಿದು ಮನೆ ಸುತ್ತಿ, ಮುರಿದ ಪ್ರತಿ ರೂಪಾಯಿಗೂ ಕಾರಣ ಬರೆದು, ಕೀ ಕೈಗೆ ಬರುವಾಗಲೇ ಉಳಿದದ್ದನ್ನು ಅವರ ಖಾತೆಗೆ ಹಾಕಿ. "ಎರಡೂ ಕಡೆ ಬಾಕಿ ಇಲ್ಲ" ಅಂತ ಇಬ್ಬರೂ ಸಹಿ ಮಾಡಿದ ಒಂದು ಹಾಳೆ ಇಟ್ಟುಕೊಳ್ಳಿ, ಅದಕ್ಕೆ ಅಂತಿಮ ಮೀಟರ್ ರೀಡಿಂಗಿನ ಫೋಟೋ ಲಗತ್ತಿಸಿ.